ಕೋಲಾರದ ಬಾವಲಿ: ಕೂಗಿನಿಂದ ಗುರುತು, ಗುರುತಿನಿಂದ ರಕ್ಷಣೆ

ಕೋಲಾರವೆಂದೊಡನೆ ನಾಡಿನ ಜನರಿಗೆ ನೆನಪಾಗುವುದು 2001ರಲ್ಲಿ ಬಾಗಿಲು ಮುಚ್ಚಿದ ಚಿನ್ನದ ಗಣಿ, ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿ, ಟೊಮೆಟೊ ಮಾರುಕಟ್ಟೆ. ಅದೇ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗುಡ್ಡದ ಗುಹೆಯಲ್ಲಿ, ಜಗತ್ತಿನ ಬೇರಾವ ಮೂಲೆಯಲ್ಲೂ ಇದುವರೆಗೆ ನೆಲೆ ಗೊತ್ತಾಗಿರದ ಸಸ್ತನಿಯೊಂದು ಉಳಿದುಕೊಂಡಿದೆ ಎಂಬ ಸಂಗತಿ ಮಾತ್ರ ಜಿಲ್ಲೆಯವರಲ್ಲೇ ಬಹುಮಂದಿಗೆ ತಿಳಿಯದು. ಅದು ಕೋಲಾರದ ಎಲೆಮೂಗಿನ ಬಾವಲಿ. ವಿಜ್ಞಾನಿಗಳ ಭಾಷೆಯಲ್ಲಿ ಹಿಪ್ಪೊಸಿಡೆರೋಸ್ ಹೈಪೊಫಿಲಸ್. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2016ರಲ್ಲಿ ಇದನ್ನು 'ತೀವ್ರ ಅಪಾಯದಂಚಿನ' ಜೀವಿಗಳ ಪಟ್ಟಿಗೆ ಸೇರಿಸಿದಾಗ, ಅಂದಾಜಿಸಲಾದ ಸಂಖ್ಯೆ 200ಕ್ಕಿಂತಲೂ ಕಡಿಮೆ. ಹುಲಿಯ ಗಣತಿ ನಡೆದಾಗ ಒಂದೆರಡು ಹುಲಿ ಹೆಚ್ಚಾದರೂ ಕಡಿಮೆಯಾದರೂ ಮುಖಪುಟದ ಸುದ್ದಿಯಾಗುವ ರಾಜ್ಯದಲ್ಲಿ, ತನ್ನ ಇಡೀ ಕುಲವನ್ನು ಒಂದು ಗುಹೆಯಲ್ಲಿ ಇಟ್ಟುಕೊಂಡಿರುವ ಪ್ರಾಣಿಯ ಬಗೆಗಿನ ಈ ಮೌನ ವಿಚಿತ್ರವಾದುದು.

ಮೌನಕ್ಕೆ ಕಾರಣ ಕೇವಲ ತಾತ್ಸಾರವಲ್ಲ. ಈ ಬಾವಲಿಯನ್ನು ಅದರ ನೆಂಟರಿಷ್ಟರಿಂದ ಬೇರ್ಪಡಿಸಿ ಗುರುತಿಸುವುದೇ ದೊಡ್ಡ ಸಮಸ್ಯೆ. ಗುರುತು ಸಿಗದ ಜೀವಿಗೆ ಹೆಸರಿಲ್ಲ, ಹೆಸರಿಲ್ಲದ ಜೀವಿಗೆ ಕಾನೂನಿನ ಆಸರೆಯಿಲ್ಲ. ಆದ್ದರಿಂದ ಬಾವಲಿಗಳ ಕೂಗನ್ನು ದಾಖಲಿಸಿ ಪ್ರಭೇದಗಳನ್ನು ಬೇರ್ಪಡಿಸುವ ವಿದ್ಯೆಯು ಪ್ರಯೋಗಾಲಯದ ಕುತೂಹಲವಾಗಿ ಉಳಿದಿಲ್ಲ. ಕಲ್ಲು ಗಣಿಗೆ ಪರವಾನಗಿ ಕೊಡಬೇಕೋ ಬೇಡವೋ ಎಂಬ ಆಡಳಿತದ ಪ್ರಶ್ನೆಯೊಂದಿಗೆ ಅದು ನೇರವಾಗಿ ಬೆಸೆದುಕೊಂಡಿದೆ.

ಒಂದೇ ಮುಖದ ಹಲವು ಜೀವಿಗಳು

ಭಾರತದಲ್ಲಿ ಈವರೆಗೆ 130ಕ್ಕೂ ಹೆಚ್ಚು ಬಾವಲಿ ಪ್ರಭೇದಗಳು ದಾಖಲಾಗಿವೆ. ಇವುಗಳಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಕೆಲವೇ ಕೆಲವು. ಉಳಿದವು ಬಹುತೇಕ ಕೀಟಭಕ್ಷಿಗಳು. ಹೆಬ್ಬೆರಳಿನಷ್ಟು ದೇಹ, ಕಂದು ಇಲ್ಲವೇ ಬೂದು ತುಪ್ಪಳ, ಹಗಲಿಡೀ ಕತ್ತಲೆಯಲ್ಲಿ ವಾಸ. ಎಲೆಮೂಗಿನ ಬಾವಲಿಗಳ ಮೂಗಿನ ಮೇಲೆ ಎಲೆಯಂತೆ ಮಡಿಕೆಗೊಂಡ ಚರ್ಮವಿರುತ್ತದೆ. ಆ ಮಡಿಕೆಯ ಆಕಾರ, ಕಿವಿಯ ಅಗಲ, ಮುಂಗೈಯ ಉದ್ದ ಇವುಗಳಲ್ಲಿ ಮಿಲಿಮೀಟರ್ ಲೆಕ್ಕದ ವ್ಯತ್ಯಾಸಗಳನ್ನು ಹಿಡಿದು ತಜ್ಞರು ಪ್ರಭೇದವನ್ನು ಹೇಳುತ್ತಾರೆ. ಅಷ್ಟಕ್ಕೂ ಸಂಶಯ ತೀರದಿದ್ದರೆ ತಲೆಬುರುಡೆಯನ್ನೂ ಹಲ್ಲುಗಳನ್ನೂ ಅಳೆಯಬೇಕು. ಅದಕ್ಕೆ ಪ್ರಾಣಿ ಸತ್ತಿರಬೇಕು.

ಕೋಲಾರದ ಬಾವಲಿಯನ್ನು ಡೀಟರ್ ಕೋಕ್ ಮತ್ತು ಎಚ್.ಆರ್. ಭಟ್ ಅವರು ಪ್ರತ್ಯೇಕ ಪ್ರಭೇದವೆಂದು ವಿವರಿಸಿದ್ದು 1994ರಲ್ಲಿ. ಆಗ ಅದು ಹನುಮನಹಳ್ಳಿ ಮತ್ತು ತೇರಹಳ್ಳಿ ಎರಡೂ ಕಡೆಗಳಿಂದ ದಾಖಲಾಗಿತ್ತು. ತೇರಹಳ್ಳಿಯಲ್ಲಿ ಅದೀಗ ಕಾಣಸಿಗುತ್ತಿಲ್ಲ. ಇದೇ ಕುಟುಂಬದ ಇನ್ನೊಂದು ಅಪರೂಪದ ಜೀವಿ ದುರ್ಗಾದಾಸರ ಎಲೆಮೂಗಿನ ಬಾವಲಿ. 1970ರಲ್ಲಿ ಮಧ್ಯಪ್ರದೇಶದ ಜಬಲ್ಪುರ ಭಾಗದಿಂದ ವಿವರಿಸಲಾದ ಈ ಬಾವಲಿ ಬಹುಕಾಲದ ನಂತರ ಕೋಲಾರ ಜಿಲ್ಲೆಯಲ್ಲೂ ದಾಖಲಾಯಿತು. ಇವೆರಡರ ಜೊತೆಗೆ ದಕ್ಷಿಣ ಭಾರತದ ಗುಹೆ, ಪಾಳುಗುಡಿ, ಹಳೆಯ ಕೋಟೆಗಳಲ್ಲೆಲ್ಲ ಸಾಮಾನ್ಯವಾಗಿ ಸಿಗುವ ಇತರ ಎಲೆಮೂಗಿನ ಬಾವಲಿಗಳೂ ಅಲ್ಲಿವೆ. ಕತ್ತಲ ಗುಹೆಯಲ್ಲಿ ಟಾರ್ಚ್ ಬೆಳಕಿನಲ್ಲಿ ಒಂದು ಗಳಿಗೆ ಕಂಡು ಮರೆಯಾಗುವ ಈ ಜೀವಿಗಳಲ್ಲಿ ಯಾವುದು ಸಾಮಾನ್ಯ, ಯಾವುದು ಜಗತ್ತಿನಲ್ಲೇ ಕೊನೆಯದು ಎಂದು ಕಣ್ಣಿನಿಂದ ಹೇಳುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಇಲ್ಲಿಯೇ ಅಪಾಯ ಅಡಗಿರುವುದು. ಗಣಿಗಾರಿಕೆಯ ಪ್ರಸ್ತಾವ ಬಂದಾಗ ಸಿದ್ಧವಾಗುವ ವರದಿಯ ಪ್ರಾಣಿಗಳ ಪಟ್ಟಿಯಲ್ಲಿ 'ಬಾವಲಿ' ಎಂಬ ಒಂದೇ ಪದವಿದ್ದರೆ, ಅಥವಾ ಸಾಮಾನ್ಯ ಪ್ರಭೇದವೊಂದರ ಹೆಸರಿದ್ದರೆ, ಓದುವ ಅಧಿಕಾರಿಗೆ ಆಕ್ಷೇಪಿಸಲು ಕಾರಣವೇ ಇರುವುದಿಲ್ಲ. ಒಂದು ಪ್ರಭೇದದ ಅಳಿವು ಉಳಿವು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಕಿವಿಗೆ ಕೇಳದ ಕೂಗು

ಬಾವಲಿಗಳು ಕತ್ತಲಲ್ಲಿ ಹಾರುವ ಗುಟ್ಟು 18ನೇ ಶತಮಾನದ ಕೊನೆಯಲ್ಲಿ ಇಟಲಿಯ ಸ್ಪಲಂಜಾನಿಯವರನ್ನು ಕಾಡಿತ್ತು. ಕಣ್ಣು ಕಾಣದಿದ್ದರೂ ಅವು ಹಾರಬಲ್ಲವು, ಕಿವಿ ಮುಚ್ಚಿದರೆ ತಡವರಿಸುತ್ತವೆ ಎಂಬುದು ಆಗಲೇ ಗೊತ್ತಾಗಿತ್ತು. ಕಾರಣ ತಿಳಿಯಲು ಒಂದೂವರೆ ಶತಮಾನ ಬೇಕಾಯಿತು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಗ್ರಿಫಿನ್ ಮತ್ತು ರಾಬರ್ಟ್ ಗ್ಯಾಲಂಬೋಸ್ ಅವರು ಬಾವಲಿಗಳು ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಹೊರಡಿಸಿ, ಅದರ ಮರುದನಿಯಿಂದ ದಾರಿ ಕಂಡುಕೊಳ್ಳುತ್ತವೆ ಎಂದು ಸಾಧಿಸಿ ತೋರಿಸಿದರು.

ಮನುಷ್ಯನ ಕಿವಿಯ ಮೇಲ್ಮಿತಿ ಸುಮಾರು 20 ಕಿಲೋಹರ್ಟ್ಸ್. ಬಹುತೇಕ ಬಾವಲಿಗಳ ಕೂಗು ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಎಲ್ಲ ಬಾವಲಿಗಳೂ ಒಂದೇ ರೀತಿ ಕೂಗುವುದಿಲ್ಲ. ಕೆಲವದು ಎತ್ತರದ ಶ್ರುತಿಯಿಂದ ತಗ್ಗಿಗೆ ಕ್ಷಣಾರ್ಧದಲ್ಲಿ ಜಾರುವ ಕೂಗು. ಎಲೆಮೂಗಿನ ಬಾವಲಿಗಳು ಮತ್ತು ಕುದುರೆಲಾಳದಂಥ ಮೂಗಿನ ಬಾವಲಿಗಳದು ಬೇರೆಯದೇ ರೀತಿ. ಅವು ಮೂಗಿನಿಂದ ಧ್ವನಿ ಹೊರಡಿಸುತ್ತವೆ. ಕೂಗಿನ ಹೆಚ್ಚಿನ ಭಾಗವು ತಂಬೂರಿಯ ಶ್ರುತಿಯಂತೆ ಒಂದೇ ಕಂಪನಾಂಕದಲ್ಲಿ ನಿಂತು, ಕೊನೆಯಲ್ಲಿ ಮಾತ್ರ ಕೆಳಗಿಳಿಯುತ್ತದೆ. ಪತಂಗದ ರೆಕ್ಕೆಯ ಬಡಿತವು ಈ ಸ್ಥಿರ ಶ್ರುತಿಯ ಮರುದನಿಯಲ್ಲಿ ಉಂಟುಮಾಡುವ ಸಣ್ಣ ಏರಿಳಿತವೇ ಬೇಟೆಯ ಸುಳಿವು. ಆ ಶ್ರುತಿಗೆ ತಕ್ಕಂತೆಯೇ ಅವುಗಳ ಕಿವಿಯೂ ರೂಪುಗೊಂಡಿರುವುದರಿಂದ ಪ್ರತಿಯೊಂದು ಪ್ರಭೇದವೂ ತನ್ನದೇ ಆದ ಕಿರಿದಾದ ಶ್ರುತಿವಲಯಕ್ಕೆ ಅಂಟಿಕೊಂಡಿರುತ್ತದೆ. ನಮಗೆ ಅನುಕೂಲವಾಗಿರುವುದು ಇದೇ ಅಂಶ. ಮುಖ ಒಂದೇ ಇದ್ದರೂ ಶ್ರುತಿ ಬೇರೆ.

2015ರಲ್ಲಿ ಪ್ರಕಟವಾದ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಸಂಗಡಿಗರ ಅಧ್ಯಯನವು ಈ ಎರಡು ಅಪರೂಪದ ಬಾವಲಿಗಳ ಕೂಗನ್ನು ದಾಖಲಿಸಿತು. ಕೋಲಾರದ ಬಾವಲಿಯ ಕೂಗು 103.3ರಿಂದ 105.3 ಕಿಲೋಹರ್ಟ್ಸ್ ನಡುವೆ. ದುರ್ಗಾದಾಸರ ಬಾವಲಿಯದು 168.2ರಿಂದ 175 ಕಿಲೋಹರ್ಟ್ಸ್ ನಡುವೆ. ಧ್ವನಿಯ ವೇಗವನ್ನು ಹಿಡಿದು ಲೆಕ್ಕ ಹಾಕಿದರೆ ಮೊದಲನೆಯದರ ತರಂಗದೂರ ಸುಮಾರು 3.3 ಮಿಲಿಮೀಟರ್, ಎರಡನೆಯದರದು ಸುಮಾರು 2 ಮಿಲಿಮೀಟರ್. ಅಳತೆಪಟ್ಟಿ ಹಿಡಿದು ತಜ್ಞರು ತಲೆ ಕೆಡಿಸಿಕೊಳ್ಳುವ ಎರಡು ಜೀವಿಗಳು ಧ್ವನಿಯಂತ್ರದ ಪರದೆಯ ಮೇಲೆ ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ ಬೇರೆಬೇರೆಯಾಗಿ ನಿಲ್ಲುತ್ತವೆ.

ಬ್ರಿಟನ್ನಿನ ಪಾಠ

ಕೂಗಿನ ಅಧ್ಯಯನವು ಇರುವ ಪ್ರಭೇದಗಳನ್ನು ಗುರುತಿಸುವುದಷ್ಟೇ ಅಲ್ಲ, ಒಂದೆಂದು ತಿಳಿದದ್ದು ಎರಡೆಂದು ತೋರಿಸಿಕೊಟ್ಟ ಉದಾಹರಣೆಗಳೂ ಇವೆ. ಬ್ರಿಟನ್ನಿನಲ್ಲಿ ಮನೆಯ ಸೂರಿನಲ್ಲಿ ವಾಸಿಸುವ ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿ ಅಲ್ಲಿನ ಮಕ್ಕಳಿಗೂ ಪರಿಚಿತ. ಅದರ ಕೂಗು ಕೆಲವು ವಸಾಹತುಗಳಲ್ಲಿ 45 ಕಿಲೋಹರ್ಟ್ಸ್ ಬಳಿ, ಮತ್ತೆ ಕೆಲವೆಡೆ 55 ಕಿಲೋಹರ್ಟ್ಸ್ ಬಳಿ ಗುಂಪುಗೂಡುತ್ತದೆ ಎಂದು ಗ್ಯಾರೆತ್ ಜೋನ್ಸ್ ಮತ್ತು ಸಹೋದ್ಯೋಗಿ 1993ರಲ್ಲಿ ವರದಿ ಮಾಡಿದರು. 1997ರಲ್ಲಿ ಡಿಎನ್ಎ ಪರೀಕ್ಷೆ ಈ ಸಂಶಯವನ್ನು ದೃಢಪಡಿಸಿತು; ಅವು ಎರಡು ಬೇರೆ ಪ್ರಭೇದಗಳು. ಇನ್ನೂರು ವರ್ಷಗಳಿಂದ ಪ್ರಾಣಿಶಾಸ್ತ್ರಜ್ಞರು ಅಂಗುಲ ಅಂಗುಲವಾಗಿ ಶೋಧಿಸಿದ ದೇಶದಲ್ಲಿ, ಜನರ ಮನೆಯೊಳಗೇ ಇದ್ದ ಪ್ರಾಣಿಯ ವಿಷಯದಲ್ಲಿ ಹೀಗಾಯಿತೆಂದರೆ, ನಮ್ಮ ಗುಡ್ಡಗಳ ಗುಹೆಗಳಲ್ಲಿ ಏನೇನು ಅಡಗಿದೆಯೋ ಹೇಳುವವರಾರು?

ಈ ಪ್ರಶ್ನೆಗೆ ಏಷ್ಯಾದಿಂದಲೇ ಉತ್ತರಗಳು ಬಂದಿವೆ. ಕೋಲಾರದ ಬಾವಲಿಯ ಹತ್ತಿರದ ಸಂಬಂಧಿಯೊಂದು ಮಲೇಷ್ಯಾದಲ್ಲಿ 131 ಮತ್ತು 142 ಕಿಲೋಹರ್ಟ್ಸ್‌ನ ಎರಡು ಶ್ರುತಿಗಳಲ್ಲಿ ಕೂಗುತ್ತದೆಂದೂ ಅವು ವಾಸ್ತವವಾಗಿ ಎರಡು ಪ್ರಭೇದಗಳೆಂದೂ 2001ರ ಅಧ್ಯಯನವೊಂದು ತೋರಿಸಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದೇ ಎಂದು ಭಾವಿಸಲಾಗಿದ್ದ ಕುದುರೆಲಾಳ ಬಾವಲಿಯಲ್ಲಿ ಸುಮಾರು 80 ಮತ್ತು ಸುಮಾರು 90 ಕಿಲೋಹರ್ಟ್ಸ್‌ನ ಎರಡು ಗುಂಪುಗಳಿರುವುದನ್ನು ಭಾರತೀಯ ಸಂಶೋಧಕರೇ ಗುರುತಿಸಿದರು. ಡಿಎನ್ಎ ಸಾಕ್ಷ್ಯವೂ ಕೂಡಿಬಂದು, 2012ರಲ್ಲಿ ಇನ್ನೊಂದು ಗುಂಪಿಗೆ ರೈನೊಲೋಫಸ್ ಇಂಡೊರೌಕ್ಸಿ ಎಂಬ ಹೊಸ ಹೆಸರು ದೊರೆಯಿತು.

ಈ ಮೂರೂ ಪ್ರಕರಣಗಳಲ್ಲಿ ಗಮನಿಸಬೇಕಾದ ಕ್ರಮವೊಂದಿದೆ. ಕೂಗು ಸಂಶಯ ಹುಟ್ಟಿಸಿತು, ಡಿಎನ್ಎ ತೀರ್ಪು ನೀಡಿತು. ಕೂಗೊಂದೇ ತೀರ್ಪು ನೀಡಲಿಲ್ಲ. ಈ ಕ್ರಮವನ್ನು ಮರೆತರೆ ಒಳ್ಳೆಯ ಸಾಧನವೇ ಕೆಟ್ಟ ಸಾಕ್ಷಿಯಾದೀತು.

ಯಂತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ

ಬಾವಲಿಯ ಕೂಗು ಬೆರಳಚ್ಚಿನಂತೆ ಬದಲಾಗದ ಗುರುತಲ್ಲ. ಬಯಲಿನಲ್ಲಿ ಹಾರುವಾಗ ನಿಧಾನವಾಗಿ ಕೂಗುವ ಬಾವಲಿ ಮರಗಳ ನಡುವೆ ನುಗ್ಗಿದಾಗ ಕೂಗನ್ನು ಚುಟುಕುಗೊಳಿಸಿ ತೀವ್ರಗೊಳಿಸುತ್ತದೆ. ಗಂಡು ಹೆಣ್ಣು, ಮರಿ ದೊಡ್ಡದು, ಒಂದು ಊರು ಇನ್ನೊಂದು ಊರು ಎಂಬ ಭೇದಗಳೂ ಉಂಟು. ಸ್ಥಿರ ಶ್ರುತಿಯ ಬಾವಲಿಗಳು ಕೂಡ ಹಾರುವಾಗ ತಮ್ಮದೇ ವೇಗದಿಂದ ಮರುದನಿಯಲ್ಲಿ ಉಂಟಾಗುವ ಏರಿಕೆಯನ್ನು ಸರಿದೂಗಿಸಲು ಶ್ರುತಿಯನ್ನು ತಗ್ಗಿಸುತ್ತವೆ. ಆದ್ದರಿಂದ ಕೈಯಲ್ಲಿ ಹಿಡಿದ ಬಾವಲಿಯ ಕೂಗಿಗೂ ಹಾರುವ ಬಾವಲಿಯ ಕೂಗಿಗೂ ಒಂದೆರಡು ಕಿಲೋಹರ್ಟ್ಸ್ ಅಂತರ ಬರಬಹುದು.

ಕೋಲಾರದ ಸಂದರ್ಭದಲ್ಲೇ ಇನ್ನೊಂದು ತೊಡಕನ್ನು ನೋಡೋಣ. ಸಣ್ಣ ಕುದುರೆಲಾಳ ಬಾವಲಿಗಳಲ್ಲಿ ಕೆಲವು ಪ್ರಭೇದಗಳ ಕೂಗು ಸಹ 100 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಇರುತ್ತದೆ. ಹೀಗಾಗಿ ಹೊಸ ಗುಹೆಯೊಂದರಲ್ಲಿ 104 ಕಿಲೋಹರ್ಟ್ಸ್ ದಾಖಲಾದ ಮಾತ್ರಕ್ಕೆ ಕೋಲಾರದ ಬಾವಲಿ ಸಿಕ್ಕಿತೆಂದು ಸಂಭ್ರಮಿಸುವಂತಿಲ್ಲ. ಕೂಗಿನ ಉದ್ದವನ್ನೂ ನೋಡಬೇಕು. ಕುದುರೆಲಾಳ ಬಾವಲಿಗಳ ಕೂಗು ದೀರ್ಘ, ಎಲೆಮೂಗಿನ ಬಾವಲಿಗಳದು ಅದರ ಒಂದಂಶದಷ್ಟು ಚಿಕ್ಕದು. ಶ್ರುತಿ, ಉದ್ದ, ಕೊನೆಯ ಇಳಿತ ಈ ಮೂರೂ ಕೂಡಿದರೆ ಮಾತ್ರ ಸಾಕ್ಷ್ಯ ಗಟ್ಟಿ.

ಉಪಕರಣದ ಮಿತಿಯಂತೂ ಆಡಳಿತಗಾರರು ಅರಿಯಲೇಬೇಕಾದ ವಿಷಯ. ಧ್ವನಿಯನ್ನು ಅಂಕಿಗಳಾಗಿ ದಾಖಲಿಸುವ ಯಂತ್ರವು ಸೆಕೆಂಡಿಗೆ ಎಷ್ಟು ಬಾರಿ ಮಾದರಿ ತೆಗೆಯುತ್ತದೆಯೋ ಅದರ ಅರ್ಧದಷ್ಟು ಕಂಪನಾಂಕವನ್ನು ಮಾತ್ರ ಸರಿಯಾಗಿ ಹಿಡಿಯಬಲ್ಲದು. ಸೆಕೆಂಡಿಗೆ 2,56,000 ಮಾದರಿ ತೆಗೆಯುವ ಯಂತ್ರದ ಮಿತಿ 128 ಕಿಲೋಹರ್ಟ್ಸ್. ಅದನ್ನು ಗುಹೆಯ ಬಾಯಲ್ಲಿಟ್ಟರೆ ಕೋಲಾರದ ಬಾವಲಿ ದಾಖಲಾಗುತ್ತದೆ, 170ರ ಆಸುಪಾಸಿನಲ್ಲಿ ಕೂಗುವ ದುರ್ಗಾದಾಸರ ಬಾವಲಿ ದಾಖಲಾಗುವುದೇ ಇಲ್ಲ. ಸೆಕೆಂಡಿಗೆ 3,84,000 ಮಾದರಿ ತೆಗೆಯುವ ಯಂತ್ರ ಬೇಕು. ಸಾಲದ್ದಕ್ಕೆ, ಅಷ್ಟು ಎತ್ತರದ ಶ್ರುತಿ ಗಾಳಿಯಲ್ಲಿ ಬೇಗ ಕರಗಿಹೋಗುವುದರಿಂದ ಯಂತ್ರವು ಬಾವಲಿಗೆ ಕೆಲವೇ ಮೀಟರ್‌ಗಳಷ್ಟು ಹತ್ತಿರವಿರಬೇಕು. ಇದನ್ನು ತಿಳಿಯದೆ 'ಸಮೀಕ್ಷೆಯಲ್ಲಿ ಅಪರೂಪದ ಬಾವಲಿ ಕಂಡುಬಂದಿಲ್ಲ' ಎಂದು ವರದಿ ಬರೆದರೆ ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ.

ಕೂಗನ್ನು ತಾನಾಗಿಯೇ ವಿಂಗಡಿಸಿ ಹೆಸರು ಹೇಳುವ ತಂತ್ರಾಂಶಗಳು ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದ ಬಾವಲಿಗಳ ಧ್ವನಿಯಿಂದ ತರಬೇತಿ ಪಡೆದವು. ತನಗೆ ಗೊತ್ತಿಲ್ಲದ ಬಾವಲಿಯ ಕೂಗು ಕೇಳಿಸಿದರೆ ತಂತ್ರಾಂಶವು ಗೊತ್ತಿರುವ ಹೆಸರುಗಳಲ್ಲೊಂದನ್ನು ಅಂಟಿಸುವ ಅಪಾಯ ಉಂಟು. ನಮ್ಮ ನೆಲದ ಬಾವಲಿಗಳ ನಂಬಲರ್ಹ ಧ್ವನಿಸಂಗ್ರಹವಿಲ್ಲದೆ ಯಂತ್ರ ಕೊಂಡು ಪ್ರಯೋಜನವಿಲ್ಲ.

ಮುಟ್ಟದೆ ಎಣಿಸುವ ಉಪಾಯ

ಇಷ್ಟೆಲ್ಲ ಮಿತಿಗಳಿದ್ದರೂ ಕೂಗಿನ ವಿಧಾನವನ್ನು ಬೆಂಬಲಿಸಲು ಬಲವಾದ ಕಾರಣವಿದೆ. ಒಟ್ಟು ಇನ್ನೂರೂ ಇಲ್ಲದ ಜೀವಿಯನ್ನು ಪ್ರತಿ ವರ್ಷ ಬಲೆಯಲ್ಲಿ ಹಿಡಿದು ಅಳೆಯುತ್ತ ಕುಳಿತರೆ ಸಂರಕ್ಷಣೆಯೇ ಕಾಟವಾಗುತ್ತದೆ. ಹೆಣ್ಣು ಬಾವಲಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವುದರಿಂದ ಕಳೆದುಕೊಂಡದ್ದನ್ನು ತುಂಬಿಕೊಳ್ಳುವ ವೇಗವೂ ಕಡಿಮೆ. ಗುಹೆಯ ಬಾಯಲ್ಲಿ ಸಂಜೆ ಇಟ್ಟು ಬೆಳಿಗ್ಗೆ ತೆಗೆಯುವ ಧ್ವನಿಗ್ರಾಹಕವು ಬಾವಲಿಯನ್ನು ಮುಟ್ಟುವುದಿಲ್ಲ, ಬೆಳಕು ಚೆಲ್ಲುವುದಿಲ್ಲ, ಗುಹೆಯನ್ನು ಹೊಗುವುದೂ ಇಲ್ಲ. ಕೋಲಾರದಿಂದ ಚಿಕ್ಕಬಳ್ಳಾಪುರ, ಆಂಧ್ರದ ಚಿತ್ತೂರು, ತಮಿಳುನಾಡಿನ ಕೃಷ್ಣಗಿರಿಯವರೆಗೆ ಚಾಚಿಕೊಂಡಿರುವ ಕಲ್ಲುಗುಡ್ಡಗಳಲ್ಲಿ ಈ ಬಾವಲಿಯ ಇನ್ನೊಂದು ನೆಲೆ ಇದೆಯೇ ಎಂಬುದನ್ನು ಹುಡುಕಲು ಇದಕ್ಕಿಂತ ಸೌಮ್ಯವಾದ ದಾರಿಯಿಲ್ಲ.

ಪಶ್ಚಿಮ ಘಟ್ಟದಲ್ಲಿ ಇದು ಸಾಧ್ಯವೆಂದು ಈಗಾಗಲೇ ತೋರಿಸಲಾಗಿದೆ. ತಮಿಳುನಾಡಿನ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸಂಶೋಧಕರು ಬಾವಲಿಗಳನ್ನು ಹಿಡಿದು, ಗುರುತಿಸಿ, ಕೂಗು ದಾಖಲಿಸಿ, 2014ರಲ್ಲಿ ದಕ್ಷಿಣ ಪಶ್ಚಿಮ ಘಟ್ಟದ ಬಾವಲಿಗಳ ಧ್ವನಿಸೂಚಿಯೊಂದನ್ನು ಪ್ರಕಟಿಸಿದರು. ಅದರ ಆಧಾರದ ಮೇಲೆ ಕಾಡು, ಕಾಫಿ ತೋಟ, ಚಹಾ ತೋಟಗಳಲ್ಲಿ ಯಾವ ಬಾವಲಿ ಎಷ್ಟು ಓಡಾಡುತ್ತದೆ ಎಂದು ಹೇಳುವುದು ಸಾಧ್ಯವಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೂ ಇದು ಪ್ರಸ್ತುತ. ರಾತ್ರಿ ಹಾರುವ ಕೀಟಗಳನ್ನು ತಿಂದು ತೀರಿಸುವ ಕೂಲಿಯಿಲ್ಲದ ಆಳುಗಳು ಯಾರು ಎಂಬ ಲೆಕ್ಕ ಅವರಿಗೂ ಬೇಕಾದದ್ದೇ.

ಕಾನೂನಿನ ಕಣ್ಣು, ಕಾನೂನಿನ ಕಿವಿ

ನಮ್ಮ ಕಾನೂನು ಬಾವಲಿಗಳನ್ನು ಬಹುಕಾಲ ಹೇಗೆ ಕಂಡಿತ್ತೆಂಬುದನ್ನು ನೆನೆದರೆ ಈ ಚರ್ಚೆಯ ತೂಕ ತಿಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, 2022ರ ತಿದ್ದುಪಡಿಯವರೆಗೆ, ಬಾವಲಿಗಳ ಪೈಕಿ ಕೇವಲ ಎರಡು ಪ್ರಭೇದಗಳಿದ್ದವು. ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಹೆಗ್ಗಣ, ಕಾಗೆಗಳೊಂದಿಗೆ ಪೀಡೆಗಳ ಪಟ್ಟಿಯಲ್ಲಿ ಇಡಲಾಗಿತ್ತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಆ ಪಟ್ಟಿಯನ್ನೇ ಕೈಬಿಟ್ಟಿತು. ಕಾಯ್ದೆ ಬದಲಾಯಿತು, ಜನರ ಭೀತಿ ಬದಲಾಗಬೇಕು. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗ, 2020ರಲ್ಲಿ ಕೋವಿಡ್ ಹರಡಿದಾಗ ಬಾವಲಿ ಎಂಬ ಹೆಸರೇ ದಿಗಿಲು ಹುಟ್ಟಿಸಿತು. ನಿಪಾ ವೈರಾಣುವಿನ ಆಶ್ರಯದಾತ ಹಣ್ಣು ತಿನ್ನುವ ದೊಡ್ಡ ಬಾವಲಿ. ಗುಹೆಯ ಪುಟ್ಟ ಕೀಟಭಕ್ಷಿಗೂ ಅದಕ್ಕೂ ಬೆಕ್ಕಿಗೂ ಕುದುರೆಗೂ ಇರುವಷ್ಟು ಅಂತರ. ಪ್ರಭೇದಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸವಿಲ್ಲದಿದ್ದರೆ ಒಂದರ ತಪ್ಪಿಗೆ ಇನ್ನೊಂದಕ್ಕೆ ಶಿಕ್ಷೆಯಾಗುತ್ತದೆ.

ಹನುಮನಹಳ್ಳಿಯಲ್ಲಿ ಕಥೆ ಸದ್ಯಕ್ಕೆ ಆಶಾದಾಯಕ ತಿರುವು ಪಡೆದಿದೆ. ಗ್ರಾನೈಟ್ ಗಣಿಗಾರಿಕೆ ಗುಡ್ಡವನ್ನೇ ನುಂಗುವ ಭೀತಿಯಿದ್ದಾಗ ಸಂಶೋಧಕರು, ಬಾವಲಿ ಸಂರಕ್ಷಣೆಗೆಂದೇ ದುಡಿಯುವ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮತ್ತು ಅರಣ್ಯ ಇಲಾಖೆ ಕೈಜೋಡಿಸಿದ ಫಲವಾಗಿ ಗುಹೆಗಳ ಸುತ್ತಲಿನ ಪ್ರದೇಶಕ್ಕೆ ಸರ್ಕಾರದ ರಕ್ಷಣೆ ದೊರೆಯಿತು. ಇದು ಸಾಧ್ಯವಾದದ್ದು ಅಲ್ಲಿರುವುದು ಯಾವ ಪ್ರಾಣಿ ಎಂಬುದು ಖಚಿತವಾಗಿ ಗೊತ್ತಿದ್ದುದರಿಂದ. ಹೆಸರೇ ಗೊತ್ತಿಲ್ಲದ ನೂರಾರು ಗುಡ್ಡಗಳಿಗೆ ಆ ಭಾಗ್ಯವಿಲ್ಲ.

ಐದು ಹೆಕ್ಟೇರಿಗಿಂತ ಸಣ್ಣ ಕಲ್ಲು ಗಣಿಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಆದರೆ ಅನುಮತಿಗೆ ಮುನ್ನ ನಡೆಯುವ ಜೀವವೈವಿಧ್ಯದ ಸಮೀಕ್ಷೆ ಹಗಲಿನಲ್ಲಿ, ಕಣ್ಣಳತೆಯಲ್ಲಿ ಮುಗಿದರೆ ರಾತ್ರಿಯ ಜೀವಿಗಳಿಗೆ ಅದರಿಂದೇನು ಪ್ರಯೋಜನ? ಗಾಳಿ ವಿದ್ಯುತ್ ಯೋಜನೆಗಳಂತೂ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ವ್ಯಾಪ್ತಿಯಲ್ಲೇ ಇಲ್ಲ. ಗಾಳಿಯಂತ್ರದ ಅಲಗುಗಳಿಗೆ ಬಾವಲಿಗಳು ಬಲಿಯಾಗುವುದು ಯುರೋಪ್, ಅಮೆರಿಕಗಳಲ್ಲಿ ದಶಕಗಳಿಂದ ದಾಖಲಾಗಿರುವ ಸಂಗತಿ. ಚಿತ್ರದುರ್ಗ, ಗದಗದ ಗುಡ್ಡಗಳ ನೆತ್ತಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳ ಕೆಳಗೆ ಈ ಲೆಕ್ಕ ಇಡುವ ಹೊಣೆ ಯಾರದು?

ಆಗಬೇಕಾದ್ದೇನು?

ಮೊದಲನೆಯದಾಗಿ, ಗುಹೆ, ಬಂಡೆ ಬಿರುಕು, ಪಾಳು ಕಟ್ಟಡಗಳಿರುವ ಕಡೆ ಗಣಿ ಅಥವಾ ಗಾಳಿಯಂತ್ರದ ಪ್ರಸ್ತಾವವಿದ್ದರೆ ಬೇಸಿಗೆ ಮತ್ತು ಮಳೆಗಾಲದ ನಂತರ ಎರಡು ಬಾರಿಯಾದರೂ ರಾತ್ರಿಯ ಧ್ವನಿ ಸಮೀಕ್ಷೆ ಕಡ್ಡಾಯವಾಗಬೇಕು. ಬಳಸಿದ ಯಂತ್ರದ ಸಾಮರ್ಥ್ಯವನ್ನು ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಎರಡನೆಯದಾಗಿ, ವರದಿಯ ಜೊತೆ ಮೂಲ ಧ್ವನಿಮುದ್ರಣವನ್ನೂ ಸಲ್ಲಿಸಬೇಕು. ಸಲಹಾ ಸಂಸ್ಥೆ ಬರೆದ ಹೆಸರನ್ನು ನಾಳೆ ಇನ್ನೊಬ್ಬ ತಜ್ಞ ಪರಿಶೀಲಿಸಲು ಸಾಧ್ಯವಾಗಬೇಕಾದರೆ ಇದೊಂದೇ ಮಾರ್ಗ. ಮೂರನೆಯದಾಗಿ, ರಾಜ್ಯದ ವಿಶ್ವವಿದ್ಯಾಲಯಗಳು ಸೇರಿ ಕರ್ನಾಟಕದ ಬಾವಲಿಗಳ ಸಾರ್ವಜನಿಕ ಧ್ವನಿಭಂಡಾರವೊಂದನ್ನು ಕಟ್ಟಬೇಕು. ಹಿಡಿದು ಗುರುತಿಸಿದ ಬಾವಲಿಯ ಕೂಗು, ಅಳತೆ, ಡಿಎನ್ಎ ಮೂರೂ ಅದರಲ್ಲಿ ಜೊತೆಯಾಗಿರಬೇಕು. 2022ರಲ್ಲಿ ಲೋಕಕ್ಕೆ ಪರಿಚಯವಾದ ಕೈರೊವಾಕ್ಸ್ ಎಂಬ ಮುಕ್ತ ಸಂಗ್ರಹ ಇದಕ್ಕೆ ಮಾದರಿಯಾಗಬಲ್ಲದು.

ಇವಾವುವೂ ಬೊಕ್ಕಸ ಬರಿದು ಮಾಡುವ ಯೋಜನೆಗಳಲ್ಲ. ಒಂದು ಕಲ್ಲು ಗಣಿಯಿಂದ ಬರುವ ರಾಜಧನದ ಮುಂದೆ ಧ್ವನಿಯಂತ್ರದ ಬೆಲೆ ನಗಣ್ಯ. ಗುಡ್ಡವನ್ನು ಒಡೆದು ಜಲ್ಲಿ ಮಾಡಿದ ಮೇಲೆ ಅದರೊಳಗೆ ಏನಿತ್ತು ಎಂದು ಕೇಳಿದರೆ ಉತ್ತರ ಹೇಳಲು ಯಾರೂ ಉಳಿದಿರುವುದಿಲ್ಲ. ಕೇಳುವುದಾದರೆ ಒಡೆಯುವ ಮೊದಲೇ ಕೇಳಬೇಕು. ಗುಡ್ಡದ ಒಳಗಿನಿಂದ ಪ್ರತಿ ಸಂಜೆಯೂ ಉತ್ತರ ಬರುತ್ತಿದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಸರ್ಕಾರಕ್ಕೆ ಬೇಕಷ್ಟೆ.